ಸುಂಕದವನ ಮೇಜಿನ ಮೇಲೆ ಐದು ಪೊಟ್ಟಣ

ಐದು ಚೀಟಿಗಳೂ ಒಂದೇ ದಿನ ಬಂದವು. ಅಂಚೆಯವನು ಅವನ್ನು ಇಸ್ಪೀಟಿನ ಎಲೆಗಳ ಹಾಗೆ ಬಿಡಿಸಿ ಹಿಡಿದು ಒಂದೊಂದೇ ಹೆಸರು ಓದಿದ. ಮೊದಲನೆಯದು ದಬ್ಬಣದಕ್ಕನ ಗಂಡನದು. ಎರಡನೆಯದು ಅವಳದೇ. ಮೂರನೆಯದು ನಾದಿನಿಯದು. ನಾಲ್ಕನೆಯದು ಪಕ್ಕದ ಅಂಗಡಿಯ ಇಸ್ತ್ರಿಯವನದು. ಐದನೆಯದಕ್ಕೆ ಬಂದು ನಿಂತ.

"ಶ್ರೀ ಮೊಂಡ. ಇವರು ಯಾರಮ್ಮ? ನಿಮ್ಮ ಮನೇಲಿ ಇಂಥವರೊಬ್ಬರು ಇದಾರೆ ಅಂತ ನನಗೆ ಇಷ್ಟು ವರ್ಷ ಗೊತ್ತೇ ಇರ್ಲಿಲ್ಲ."

ಮೊಂಡ ಮೆಟ್ಟಿಲ ಬುಡದಲ್ಲಿ ಮಲಗಿ ಕಿವಿ ಕೆರೆದುಕೊಳ್ಳುತ್ತಿತ್ತು. ಬಾಲ ಅರ್ಧಕ್ಕೆ ತುಂಡಾದ ನಾಯಿ.

"ನೆಂಟರು," ಅಂದಳು ದಬ್ಬಣದಕ್ಕ. "ಊರಿಗೆ ಹೋಗಿದಾರೆ."

ಅಂಚೆಯವನು ಹೋದ ಮೇಲೆ ಚೀಟಿ ಓದಲು ಕೂತಳು. ಅವಳು ಮೂರನೇ ಇಯತ್ತೆಗೇ ಶಾಲೆ ಬಿಟ್ಟವಳು. ಒಂದೊಂದು ಅಕ್ಷರವನ್ನೂ ಬೆರಳಿಟ್ಟು ದಾಟಬೇಕು. ಹೊರದೇಶದ ಮಾಲು. ಸುಂಕದ ಕಚೇರಿಯಲ್ಲಿ ತಡೆದಿದೆ. ಒಂದೇ ದಿನ, ಒಂದೇ ಅಂಗಡಿಯಿಂದ, ಒಂದೇ ಬಾಗಿಲಿಗೆ ಐದು ಪೊಟ್ಟಣ ಬಂದಿವೆ. ಹೆಸರಿರುವವರು ಗುರುತಿನ ಚೀಟಿ ಹಿಡಿದು ಖುದ್ದಾಗಿ ಬಂದು ವಿವರಣೆ ಕೊಡಬೇಕು. ಹದಿನೈದು ದಿನ ಗಡುವು. ಬಾರದಿದ್ದರೆ ಮಾಲು ವಾಪಸ್ಸು. ಸುಳ್ಳು ವಿವರ ಕೊಟ್ಟವರ ಮೇಲೆ ಕ್ರಮ ಜರುಗಿಸಲಾಗುವುದು.

ಕೊನೆಯ ಮಾತು ಅವಳಿಗೆ ಗೊತ್ತಿದ್ದದ್ದೇ. ಟಿಕೆಟ್ಟಿಲ್ಲದೆ ಹತ್ತುವವರಿಗೆಂದು ರೈಲಿನ ಡಬ್ಬಿಯಲ್ಲಿ ಅದನ್ನೇ ಬರೆದಿರುತ್ತಾರೆ. ಅವಳು ಐದೂ ಚೀಟಿಗಳನ್ನು ಮಡಿಸಿ, ದಾರಕ್ಕೆ ಹಚ್ಚುವ ಮೇಣದ ಡಬ್ಬಿಯ ಅಡಿಗೆ ತಳ್ಳಿದಳು. ಆಮೇಲೆ ಡಬ್ಬಿಯ ಮೇಲೆ ಒಂದು ಹಳೆಯ ಚೀಲ ಇಟ್ಟಳು. ಅದರ ಮೇಲೆ ಇನ್ನೊಂದು.

ದಬ್ಬಣದಕ್ಕ ಅನ್ನುವುದು ಬೀದಿ ಕೊಟ್ಟ ಹೆಸರು. ಬಸ್ ನಿಲ್ದಾಣದ ಹಿಂದಿನ ಕಟ್ಟಡದಲ್ಲಿ ಮೆಟ್ಟಿಲ ಕೆಳಗಿನ ಸಂದು ಅವರ ಅಂಗಡಿ. ಒಳಗೆ ನೆಟ್ಟಗೆ ನಿಲ್ಲಲು ಆಗುವುದಿಲ್ಲ. ಮೇಲೆ ಯಾರಾದರೂ ಮೆಟ್ಟಿಲು ಹತ್ತಿದರೆ ತಲೆಯ ಮೇಲೆ ನಡೆದ ಹಾಗಾಗುತ್ತದೆ. ಇಪ್ಪತ್ತೆರಡು ವರ್ಷ ಗಂಡ ಹೆಂಡತಿ ಅಲ್ಲಿ ಎದುರುಬದುರು ಕೂತು ಹರಿದ ಚೀಲ, ಕಿತ್ತ ಪಟ್ಟಿ, ಬಾಯಿ ಬಿಟ್ಟ ಪೆಟ್ಟಿಗೆ ಹೊಲಿದರು. ದಪ್ಪ ಚರ್ಮ ಅವನದು, ಬಟ್ಟೆ ಮತ್ತು ಜಿಪ್ಪು ಅವಳದು. ಅವನು ಮಾತಾಡುತ್ತಿದ್ದ, ಅವಳು ಹೂಂಗುಟ್ಟುತ್ತಿದ್ದಳು.

ಅವನು ಚೌಕಾಸಿಯವನು. ಡಾಕ್ಟರ ಹತ್ತಿರವೂ, ಎರಡು ಇಂಜೆಕ್ಷನ್ ತಗೋತೀನಿ, ಒಂದರ ದುಡ್ಡು ಬಿಡಿ ಅನ್ನುತ್ತಿದ್ದ. ಅವಳ ಬಲಗೈ ಹೆಬ್ಬೆರಳಿನ ಬುಡ ಊದಿಕೊಳ್ಳಲು ಶುರುವಾದಾಗ ಫೋನಿನಲ್ಲಿ ಹುಡುಕಿ ಹುಡುಕಿ ಒಂದು ಮೆಷಿನ್ನು ಕಂಡುಹಿಡಿದ. ಕೈಯಲ್ಲಿ ತಿರುಗಿಸುವ ಚರ್ಮದ ಹೊಲಿಗೆ ಮೆಷಿನ್ನು. ಸಮುದ್ರದಾಚೆಯ ಅಂಗಡಿಯಲ್ಲಿ ಅಗ್ಗ. ಇಡಿಯಾಗಿ ತರಿಸಿದರೆ ಸುಂಕ ಬೀಳುತ್ತದೆ. ಒಂದು ಮಿತಿಗಿಂತ ಕಡಿಮೆ ಬೆಲೆಯ ಪೊಟ್ಟಣಕ್ಕೆ ಸುಂಕವಿಲ್ಲ.

"ಅವರು ಚಾಪೆ ಕೆಳಗೆ ತೂರಿದ್ರೆ ನಾನು ರಂಗೋಲಿ ಕೆಳಗೆ ತೂರ್ತೀನಿ ನೋಡು," ಅಂದಿದ್ದ.

ತೂರಿದ. ಮೆಷಿನ್ನನ್ನು ಬಿಡಿಭಾಗವೆಂದು ಐದು ತುಂಡು ಮಾಡಿಸಿದ. ಪಾದ ತನ್ನ ಹೆಸರಿಗೆ, ಸೂಜಿಯ ಕಂಬ ಹೆಂಡತಿಯ ಹೆಸರಿಗೆ, ತೋಳು ತಂಗಿಯ ಹೆಸರಿಗೆ, ಚಕ್ರ ಇಸ್ತ್ರಿಯವನ ಹೆಸರಿಗೆ. ಹಿಡಿಕೆಗೆ ಹೆಸರು ಸಾಲದೆ ಬಂತು. ಮೆಟ್ಟಿಲ ಬುಡದಲ್ಲಿ ಮೊಂಡ ಆಕಳಿಸಿತು.

ಪೊಟ್ಟಣಗಳು ಸಮುದ್ರದ ಮೇಲಿರುವಾಗಲೇ ಕಾನೂನು ಬದಲಾಯಿತು. ಮಿತಿ ಹೋಯಿತು. ಇನ್ನು ಎಷ್ಟೇ ಸಣ್ಣ ಪೊಟ್ಟಣವಿರಲಿ, ಸುಂಕ ಉಂಟು. ಅದು ಅವನಿಗೆ ತಿಳಿಯಲಿಲ್ಲ. ಆರ್ಡರ್ ಮಾಡಿದ ಮೂರನೆಯ ದಿನ, ಪ್ರಯಾಣಿಕನೊಬ್ಬನ ಚೀಲ ತೊಡೆಯ ಮೇಲಿರುವಾಗ ಮಾತು ನಿಲ್ಲಿಸಿದ. ಅವಳು ತಲೆ ಎತ್ತಿದ್ದು ಅದಕ್ಕೇ, ಮಾತು ನಿಂತಿತಲ್ಲ ಎಂದು. ಅಷ್ಟರಲ್ಲಿ ಎಲ್ಲ ಮುಗಿದಿತ್ತು.

ಎಂಟು ದಿನ ಬಿಟ್ಟು ಗಿರಾಕಿ ಬಂದ. ಅರ್ಧ ಉಳಿದಿದ್ದ ಹೊಲಿಗೆಯನ್ನು ಅವಳೇ ಮುಗಿಸಿ ಕೊಟ್ಟಳು. ಅವನ ಹೊಲಿಗೆ ಎಲ್ಲಿ ನಿಂತಿತು, ಅವಳದು ಎಲ್ಲಿ ಶುರುವಾಯಿತು ಎಂದು ಗಿರಾಕಿಗೆ ಗೊತ್ತಾಗಲಿಲ್ಲ. ಅವಳಿಗೆ ಗೊತ್ತಿತ್ತು.

ಅಂದಿನಿಂದ ದಪ್ಪ ಚರ್ಮವೂ ಅವಳದೇ ಆಯಿತು. ದಬ್ಬಣವನ್ನು ಚರ್ಮಕ್ಕೆ ಒತ್ತಿದರೆ ಹೆಬ್ಬೆರಳಿನಿಂದ ಮೊಣಕೈಯವರೆಗೆ ಬೆಂಕಿ ಓಡುತ್ತಿತ್ತು. ದಿನಕ್ಕೆ ಎರಡು ಚೀಲ ಆದರೆ ಹೆಚ್ಚು. ಮೂರನೆಯದಕ್ಕೆ ಕೈ ಬರುತ್ತಿರಲಿಲ್ಲ. ಮೆಷಿನ್ನು ಬಂದರೆ ಅಂಗಡಿ ಉಳಿಯುತ್ತದೆ, ಇಲ್ಲವಾದರೆ ಸಂದಿಗೆ ಬೇರೆ ಯಾರೋ ಬಂದು ಕೂರುತ್ತಾರೆ. ಅದು ಅವಳಿಗೆ ಗೊತ್ತಿತ್ತು. ಆದರೂ ಚೀಟಿಗಳು ಮೇಣದ ಡಬ್ಬಿಯ ಅಡಿಯಲ್ಲೇ ಇದ್ದವು.

ಇಸ್ತ್ರಿಯವನಿಗೆ ಎರಡನೆಯ ದಿನ ಹೇಳಿದಳು. ಅವನು ಪೆಟ್ಟಿಗೆಯನ್ನು ಬಟ್ಟೆಯ ಮೇಲೆಯೇ ಮರೆತ. ಯಾರದೋ ಅಂಗಿಯ ಕಾಲರು ಕಂದಿತು.

"ಬಾವ ನನ್ನ ಹೆಸರು ಯಾಕೆ ಹಾಕಿದ್ರು ಅಕ್ಕ? ನಾನೇನು ಮಾಡಿದ್ದೆ ಅವರಿಗೆ?"

"ಪಕ್ಕದಲ್ಲಿದ್ದೆ. ಅದಕ್ಕೇ ಹಾಕಿದ್ರು."

"ನಾಯಿ ಹೆಸರೂ ಇದೆ ಅಂತೀಯ. ನನ್ನ ಹೆಸರು ನಾಯಿಗಿಂತ ಮುಂಚೆನಾ, ಆಮೇಲಾ?"

"ಮುಂಚೆ."

"ಅಷ್ಟಾದರೂ ಮರ್ಯಾದೆ ಇಟ್ರಲ್ಲ." ಅವನು ನಗಲಿಲ್ಲ. ದನಿ ತಗ್ಗಿಸಿದ. "ಅಕ್ಕ, ನನ್ನ ಮಾತು ಕೇಳು. ಸುಮ್ಮನಿದ್ದುಬಿಡು. ಹದಿನೈದು ದಿನ ಕಳೀಲಿ, ವಾಪಸ್ ಹೋಗ್ಲಿ. ಅಲ್ಲಿಗೆ ಹೋದ್ರೆ ಒಂದಕ್ಕೆ ಹತ್ತು ಕೇಳ್ತಾರೆ. ಹಿಡಿದು ಕೂರಿಸಿದ್ರೆ ಬಿಡಿಸೋಕೆ ಯಾರಿದಾರೆ? ನಾನಂತೂ ಬರಲ್ಲ. ಈಗ್ಲೇ ಹೇಳಿದೀನಿ."

ನಾದಿನಿಗೆ ಫೋನು ಮಾಡಿದಳು.

"ಅತ್ತಿಗೆ, ಬದುಕಿದ್ದಾಗ ನಮ್ಮಣ್ಣ ನನಗೊಂದು ಸೀರೆ ಕಳಿಸ್ಲಿಲ್ಲ. ಈಗ ಕಬ್ಬಿಣ ಕಳಿಸಿದಾನಾ?" ನಾದಿನಿ ಅತ್ತಳು, ಅಳುತ್ತಲೇ ನಕ್ಕಳು, ಆಮೇಲೆ ಎರಡೂ ನಿಂತವು. "ನಮ್ಮನೆಯವರು ಸರ್ಕಾರಿ ಕೆಲಸದಲ್ಲಿರೋರು. ನನ್ನ ಹೆಸರು ಇಂಥದ್ರಲ್ಲಿ ಬಂದ್ರೆ ಅವರಿಗೆ ಕುತ್ತು. ನನಗೇನೂ ಗೊತ್ತಿಲ್ಲ ಅಂತ ಹೇಳಿಬಿಡು. ನಿಜವಾಗ್ಲೂ ಗೊತ್ತಿಲ್ಲ ತಾನೆ?"

"ಗೊತ್ತಿಲ್ಲ," ಅಂದಳು ದಬ್ಬಣದಕ್ಕ. ಫೋನು ಇಟ್ಟಳು.

ದಿನಗಳು ಸಾಗಿದವು. ಮೆಟ್ಟಿಲ ಮೇಲೆ ಬೂಟಿನ ಸದ್ದಾದರೆ ಕೆಲಸ ನಿಲ್ಲಿಸುತ್ತಿದ್ದಳು. ಬೂಟು ಮೇಲಕ್ಕೆ ಹೋಗುತ್ತದೋ ಕೆಳಕ್ಕೆ ಬರುತ್ತದೋ ಎಂದು ಲೆಕ್ಕ ಹಾಕುತ್ತಿದ್ದಳು. ಮೊಂಡನನ್ನು ಹೊರಗೆ ಬಿಡುತ್ತಿರಲಿಲ್ಲ. ಯಾರಾದರೂ ಅದರ ಹೆಸರು ಹಿಡಿದು ಕರೆದರೆ ಏನು ಗತಿ?

ಹನ್ನೊಂದನೆಯ ದಿನ ಮಧ್ಯಾಹ್ನ ಬೂಟು ಅಂಗಡಿಯ ಮುಂದೆಯೇ ನಿಂತಿತು. ಖಾಕಿ ಪ್ಯಾಂಟು. ಸೊಂಟಕ್ಕೆ ಪಟ್ಟಿ. ಮುಖ ಕಾಣಿಸಲಿಲ್ಲ, ಸಂದು ಅಷ್ಟು ತಗ್ಗು. ಅವಳ ಕೈಯಲ್ಲಿದ್ದ ದಬ್ಬಣ ಜಾರಿ ಎಡ ಅಂಗೈಗೆ ಇಳಿಯಿತು.

"ಅಮ್ಮ, ಇದ್ದೀರಾ?"

"ನಾನೊಬ್ಬಳೇ ಇರೋದು," ಅಂದಳು. ಏಕೆ ಹಾಗಂದಳೋ ಅವಳಿಗೇ ತಿಳಿಯದು. "ಅವರು ತೀರಿಹೋದ್ರು. ನನಗೇನೂ ಗೊತ್ತಿಲ್ಲ."

ಖಾಕಿಯವನು ಬಗ್ಗಿದ. ಎದುರು ಬ್ಯಾಂಕಿನ ಕಾವಲುಗಾರ. ಕೈಯಲ್ಲಿ ಚರ್ಮದ ಚೀಲ, ಪಟ್ಟಿ ಬುಡದಿಂದ ಕಿತ್ತಿತ್ತು. "ಗೊತ್ತಿಲ್ಲ ಅಂದ್ರೆ ಹೆಂಗಮ್ಮ, ಇಪ್ಪತ್ತು ವರ್ಷದಿಂದ ಹೊಲೀತಿದ್ದೀರಿ. ಅಯ್ಯೋ, ಕೈಯಲ್ಲಿ ರಕ್ತ."

ಅವಳು ಚೀಲ ಇಸಿದುಕೊಂಡಳು. ಮೂರು ಪದರದ ಚರ್ಮ. ಗಾಯದ ಕೈಗೆ ಬಟ್ಟೆ ಸುತ್ತಿ ಚರ್ಮ ಹಿಡಿದುಕೊಂಡು, ಬಲಗೈಯಿಂದ ದಬ್ಬಣ ಒತ್ತಿದಳು. ಒಂದು ತೂತಾಯಿತು. ಎರಡನೆಯದಕ್ಕೆ ಹೆಬ್ಬೆರಳು ಮಾತು ಕೇಳಲಿಲ್ಲ. ಕಾವಲುಗಾರ ಕಾದು ನಿಂತಿದ್ದ. ಕೂತುಕೊಳ್ಳಿ ಅನ್ನಲೂ ಅವಳಿಗೆ ನಾಲಗೆ ಏಳಲಿಲ್ಲ. ಮುಂದಿನ ವಾರ ಬನ್ನಿ ಅಂದಳು. ಅವನು ಹೋದ. ತೂತು ಒಂದೇ ಇತ್ತು. ಅದನ್ನು ಬಹಳ ಹೊತ್ತು ನೋಡಿದಳು.

ಹದಿನಾಲ್ಕನೆಯ ದಿನ ಬೆಳಿಗ್ಗೆ ಅಂಗಡಿ ಮುಚ್ಚಿ ಬಸ್ಸು ಹತ್ತಿದಳು. ಚೀಲದಲ್ಲಿ ಐದು ಚೀಟಿ, ತನ್ನ ಗುರುತಿನ ಚೀಟಿ, ಗಂಡನ ಮರಣದ ಪತ್ರ. ಇಪ್ಪತ್ತೆರಡು ವರ್ಷ ಇಬ್ಬರೂ ಗೋಲಕದಲ್ಲಿ ಹಾಕಿಟ್ಟದ್ದನ್ನೆಲ್ಲ ತೆಗೆದು ಸೆರಗಿಗೆ ಕಟ್ಟಿಕೊಂಡಿದ್ದಳು. ದಾರಿಯುದ್ದಕ್ಕೂ ಒಂದು ಮಾತು ಮನಸ್ಸಿನಲ್ಲೇ ಹೇಳಿಕೊಂಡಳು. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡ ಹಾಗೆ ಎಂದು ಹಿರಿಯರು ಗಾದೆ ಕಟ್ಟಿದ್ದು ಸುಮ್ಮನೆ ಅಲ್ಲ. ಅಳಬಾರದು. ಕೇಳಿದ್ದಕ್ಕಷ್ಟೇ ಉತ್ತರ.

ಕಚೇರಿ ಎಂದರೆ ತಗಡಿನ ಮಾಡಿನ ದೊಡ್ಡ ಗೋದಾಮು. ಒಳಗೆ ಗೋಡೆಯೆತ್ತರಕ್ಕೆ ಪೊಟ್ಟಣಗಳ ರಾಶಿ. ಬಾಗಿಲಲ್ಲಿ ಟೋಕನ್ನು ಕೊಟ್ಟರು. ಬೆಂಚಿನ ಮೇಲೆ ಪಕ್ಕದಲ್ಲಿ ಕೂತಿದ್ದ ಹೆಂಗಸು ಆಟಿಕೆ ತರಿಸಿದ್ದಳಂತೆ. "ಆಟಿಕೆಗಿಂತ ಸುಂಕವೇ ಜಾಸ್ತಿ. ಇಲ್ಲೇ ಬಿಟ್ಟು ಹೋಗ್ತೀನಿ," ಅಂದಳು. ಹಾಗೆಯೇ ಎದ್ದು ಹೋದಳು. ದಬ್ಬಣದಕ್ಕನೂ ಅವಳ ಹಿಂದೆಯೇ ಏಳಲು ಹೊರಟಳು. ಅಷ್ಟರಲ್ಲಿ ಅವಳ ಟೋಕನ್ನಿನ ನಂಬರು ಕೂಗಿದರು.

ಅಧಿಕಾರಿಗೆ ನೆಗಡಿಯಾಗಿತ್ತು. ಮೇಜಿನ ಮೇಲೆ ಐದು ಪೊಟ್ಟಣ ತರಿಸಿ ಸಾಲಾಗಿ ಇಡಿಸಿದ. ಬಿಚ್ಚಿ ನೋಡಿ ಮತ್ತೆ ಅಂಟಿಸಿದ ಗುರುತಿತ್ತು.

"ನಿಮ್ಮ ಹೆಸರಿನದು ಇದು. ಸುಂಕ ಕಟ್ಟಿ ತಗೊಂಡು ಹೋಗಬಹುದು. ಉಳಿದವರು ಬಂದಿದಾರಾ?"

"ಇಲ್ಲ."

"ಈ ಮೊಂಡ ಅನ್ನೋರು?"

ಅವಳು ಬಾಗಿಲ ಕಡೆ ನೋಡಿದಳು. ಸೂಜಿಯ ಕಂಬ ಒಂದನ್ನೇ ತೆಗೆದುಕೊಂಡು ಹೋದರೆ ತಪ್ಪಿಸಿಕೊಳ್ಳಬಹುದು. ಬಾಗಿಲು ಹತ್ತು ಹೆಜ್ಜೆ ದೂರ. ಆದರೆ ಕಂಬವನ್ನು ಮಾತ್ರ ಇಟ್ಟುಕೊಂಡು ಪೂಜೆ ಮಾಡಬೇಕೇ?

"ನಾಯಿ," ಅಂದಳು.

ಅಧಿಕಾರಿ ಕರವಸ್ತ್ರವನ್ನು ಮೂಗಿನಿಂದ ತೆಗೆದ. "ಏನಂದ್ರಿ?"

"ಮೊಂಡ ನಮ್ಮ ನಾಯಿ. ಇವು ಐದು ಸಾಮಾನಲ್ಲ ಸಾರ್, ಒಂದೇ ಮೆಷಿನ್ನು. ಸುಂಕ ಬೀಳಬಾರದು ಅಂತ ತುಂಡು ಮಾಡಿ ತರಿಸಿದ್ದು."

ಅವನು ಪೆನ್ನು ಕೆಳಗಿಟ್ಟ. ದನಿ ಗಟ್ಟಿಯಾಗಲಿಲ್ಲ. ಅದರಿಂದಲೇ ಅವಳಿಗೆ ಹೆಚ್ಚು ಹೆದರಿಕೆಯಾಯಿತು.

"ಇದನ್ನ ನಾನು ಬರ್ಕೊಂಡ್ರೆ ಆಮೇಲೆ ಅಳಿಸೋಕೆ ಬರಲ್ಲ. ಆರ್ಡರ್ ಮಾಡಿದ್ದು ಯಾರು?"

ಅವಳು ಮರಣದ ಪತ್ರ ಮುಂದಿಟ್ಟಳು. ಅವನು ತಾರೀಖು ನೋಡಿದ. ಆರ್ಡರಿನ ತಾರೀಖು ನೋಡಿದ. ಎರಡರ ಮೇಲೂ ಬೆರಳಿಟ್ಟ.

"ನೋಡಿ ಅಮ್ಮ. ಇವರು ಮಾಡಿದ್ದು ಅಂತ ಬರೆದ್ರೆ, ಸುಳ್ಳು ವಿವರ ಕೊಟ್ಟೋರು ಇವರು. ತೀರಿಕೊಂಡೋರಿಗೆ ದಂಡ ಇಲ್ಲ. ನೀವು ಆರಾಮಾಗಿ ಮನೆಗೆ ಹೋಗಬಹುದು. ಆದ್ರೆ ಮಾಲು ಸಿಗಲ್ಲ, ವಾರಸುದಾರರಿಲ್ಲದ ಮಾಲು ಅಂತ ವಾಪಸ್ ಹೋಗತ್ತೆ. ನಾನೇ ತರಿಸಿದ್ದು ಅಂತ ನೀವು ಬರೆದುಕೊಟ್ರೆ ಒಂದೇ ಮೆಷಿನ್ನು ಅಂತ ಸುಂಕ ಹಾಕ್ತೀನಿ, ದಂಡವೂ ಹಾಕ್ತೀನಿ. ನಿಮ್ಮ ಹೆಸರು ನಮ್ಮ ಪುಸ್ತಕಕ್ಕೆ ಹೋಗತ್ತೆ. ಬೇಕಾದ್ರೆ ಅಂಗಡಿಗೂ ಬಂದು ನೋಡ್ತಾರೆ."

"ಹಿಡ್ಕೊಂಡು ಹೋಗ್ತಾರಾ?"

"ಇಷ್ಟಕ್ಕೆಲ್ಲ ಹಿಡ್ಕೊಂಡು ಹೋಗಲ್ಲ. ಮತ್ತೆ ಮಾಡಿದ್ರೆ ಮಾತು ಬೇರೆ."

ಇಷ್ಟಕ್ಕೆಲ್ಲ ಅನ್ನುವ ಮಾತನ್ನು ಅವಳು ಪೂರ್ತಿ ನಂಬಲಿಲ್ಲ. ಗಂಡನ ಹೆಸರಿದ್ದ ಪೊಟ್ಟಣದ ಕಡೆ ನೋಡಿದಳು. ಪಾದ. ಎಲ್ಲಕ್ಕಿಂತ ಭಾರದ್ದನ್ನು ಅವನು ತನ್ನ ಹೆಸರಿಗೇ ಹಾಕಿಕೊಂಡಿದ್ದ. ಈಗ ಅವನ ಹೆಸರಿನ ಮುಂದೆ ಸುಳ್ಳುಗಾರ ಎಂದು ಬರೆದರೆ ಅವನು ಎದ್ದು ಬಂದು ಚೌಕಾಸಿ ಮಾಡಲಾರ.

"ನಾನು," ಅಂದಳು. "ತರಿಸಿದ್ದು ನಾನು."

"ನಾಯಿ ಹೆಸರು ಬರೆದದ್ದೂ ನೀವೇನಾ?"

"ಅದೂ ನಾನೇ."

ಅಧಿಕಾರಿ ಮರಣದ ಪತ್ರವನ್ನು ಮಡಿಸಿ ಅವಳ ಕೈಗೇ ವಾಪಸ್ಸು ಕೊಟ್ಟ. ಫಾರಂ ತುಂಬಿದ. ಅವಳು ಆರು ಕಡೆ ಸಹಿ ಹಾಕಿದಳು. ಸಹಿ ಎಂದರೆ ತನ್ನ ಹೆಸರಿನ ನಾಲ್ಕು ಅಕ್ಷರ. ಮೂರನೆಯ ಕಡೆ ಒಂದು ಅಕ್ಷರ ಬಿಟ್ಟುಹೋಯಿತು. ಅವನು ತೋರಿಸಿದ, ಅವಳು ತುಂಬಿದಳು. ಸೆರಗಿನ ಗಂಟು ಬಿಚ್ಚಿದಳು. ಮತ್ತೆ ಕಟ್ಟುವಷ್ಟು ಉಳಿಯಲಿಲ್ಲ. ಬಸ್ಸಿಗಾಯಿತು.

ಬಸ್ಸಿನಲ್ಲಿ ಪಾದ ತೊಡೆಯ ಮೇಲಿತ್ತು. ಉಳಿದವು ಕಾಲ ಬಳಿ. ಅವಳ ನಿಲ್ದಾಣ ಬರುವವರೆಗೂ ಯಾರಾದರೂ ಹಿಂದೆ ಬಂದಾರೆಂದು ಕಿಟಕಿಯಿಂದ ನೋಡುತ್ತಲೇ ಇದ್ದಳು.

ಇಸ್ತ್ರಿಯವನು ದೂರದಿಂದಲೇ ಕಂಡ. ಬಂದು ಭಾರದ್ದನ್ನು ಎತ್ತಿಕೊಂಡ.

"ನನ್ನ ಹೆಸರು?" ಅಂದ.

"ಹೊಡೆದುಹಾಕಿದ್ರು. ಎಲ್ಲರದ್ದೂ ಹೊಡೆದುಹಾಕಿ ನಂದೊಂದೇ ಇಟ್ಟಿದಾರೆ."

ಅವನು ತಲೆ ತಗ್ಗಿಸಿದ. ಸ್ಕ್ರೂಡ್ರೈವರ್ ತಂದು ಸಂಜೆಯೊಳಗೆ ಐದನ್ನೂ ಕೂಡಿಸಿಕೊಟ್ಟ. ಹಿಡಿಕೆಯನ್ನು ಮಾತ್ರ ಮೊಂಡ ಬಹಳ ಹೊತ್ತು ಮೂಸಿತು. "ಕೊಡಪ್ಪ, ನಿಂದೇ ಅದು, ಸ್ವಲ್ಪ ಸಾಲ ಕೊಡು," ಅಂದ ಇಸ್ತ್ರಿಯವನು.

ಮರುದಿನ ಅವಳು ಕಾವಲುಗಾರನ ಚೀಲವನ್ನು ಸೂಜಿಯ ಕೆಳಗೆ ಇಟ್ಟಳು. ಚಕ್ರ ತಿರುಗಿಸಿದಳು. ಮೂರು ಪದರದ ಚರ್ಮದೊಳಗೆ ಸೂಜಿ ಇಳಿದು ಮೇಲೆ ಬಂತು. ಹೆಬ್ಬೆರಳಿಗೆ ಕೆಲಸವೇ ಇರಲಿಲ್ಲ. ಎದುರಿನ ಖಾಲಿ ಜಾಗದ ಕಡೆ ನೋಡದೆ ಮುಂದೆ ಹೊಲಿದಳು.

ಆಗ ಬೂಟಿನ ಸದ್ದಾಯಿತು. ಕೈ ನಿಂತಿತು. ಬೂಟು ಮೇಲಕ್ಕೆ ಹೋಗಲಿಲ್ಲ. ಅಂಗಡಿಯ ಮುಂದೆ ಬಂದು ನಿಂತಿತು. ಖಾಕಿ ಪ್ಯಾಂಟು, ಸೊಂಟಕ್ಕೆ ಪಟ್ಟಿ, ಮುಖ ಕಾಣಿಸದು. ಪುಸ್ತಕದಲ್ಲಿ ಅವಳ ಹೆಸರಿತ್ತು. ಯಾರು ಬೇಕಾದರೂ ಆಗಿರಬಹುದು.

"ಆಯ್ತೇನಮ್ಮ?"

ಕಾವಲುಗಾರನ ದನಿ. ಹಿಡಿಕೆ ಮತ್ತೆ ತಿರುಗಿತು.

"ಆಗ್ತಾ ಇದೆ," ಅಂದಳು. "ಕೂತ್ಕೊಳ್ಳಿ."