ಹೀಟರ್ ಹಾಕಿಕೊಂಡು ದುರ್ಗಕ್ಕೆ

ನಮ್ಮವರಿಗೆ ಡಯಾಲಿಸಿಸ್ ಶುರುವಾದ ಮೇಲೆ ಸೆಕೆಂಡ್ ಹ್ಯಾಂಡ್ ಸಣ್ಣ ಕಾರೊಂದನ್ನು ತೆಗೆದುಕೊಂಡೆವು. ಬಸ್ಸಿನ ಮೆಟ್ಟಿಲು ಹತ್ತುವ ಶಕ್ತಿ ಅವರ ಕಾಲಲ್ಲಿ ಉಳಿದಿರಲಿಲ್ಲ. ಬಾಗೂರಿನಿಂದ ಚಿತ್ರದುರ್ಗದ ಆಸ್ಪತ್ರೆಗೆ ಮಂಗಳವಾರ, ಶುಕ್ರವಾರ ಹೀಗೆ ವಾರಕ್ಕೆರಡು ಸಲ ಹೋಗಬೇಕು. ಓಡಿಸಲು ನಾನೇ ಕಲಿತೆ. ಎಡಗಡೆಯ ಬಾಗಿಲು ಒಳಗಿನಿಂದ ತೆರೆಯುತ್ತಿರಲಿಲ್ಲ, ಗಾಜನ್ನು ಅಂಗೈ ಒತ್ತಿ ಏರಿಸಬೇಕಿತ್ತು. ಆದರೂ ಬೆಳಿಗ್ಗೆ ಒಂದೇ ಸಲಕ್ಕೆ ಸ್ಟಾರ್ಟ್ ಆಗುತ್ತಿತ್ತು. ಅಷ್ಟಕ್ಕೇ ದೇವರಿಗೆ ಕೈ ಮುಗಿಯುತ್ತಿದ್ದೆ.

ಆಯುಧಪೂಜೆಗೆ ಅದಕ್ಕೆ ಚೆಂಡುಹೂವಿನ ಹಾರ ಹಾಕಿದೆವು. ಗಾಳಿಗೆ ಹಾರಿಹೋಗದಿರಲೆಂದು ದಾರದ ತುದಿಗಳನ್ನು ಬಾನೆಟ್ಟಿನ ಒಳಗೆ ಕಟ್ಟಿದೆವು. ಹೂವು ಒಣಗಿದ ಮೇಲೂ ತೆಗೆಯಲಿಲ್ಲ.

"ದೇವ್ರ ಹೂವು ಕಣೇ, ತಾನಾಗೇ ಬೀಳ್ಲಿ" ಎಂದರು ಇವರು. ನನಗೂ ಸರಿಯೆನಿಸಿತು.

ಅದು ಬಿದ್ದದ್ದು ಒಳಕ್ಕೆ. ಒಂದು ಮಂಗಳವಾರ ಆಸ್ಪತ್ರೆಗೆ ಹೊರಟು ಹೊಳಲ್ಕೆರೆ ದಾಟಿ ಸ್ವಲ್ಪ ದೂರ ಹೋಗಿದ್ದೆವು, ಮುಂದಿನಿಂದ ಹಬೆ ಎದ್ದಿತು. ಬಾನೆಟ್ ಎತ್ತಿ ನೋಡಿದರೆ ಹಾರದ ಪ್ಲಾಸ್ಟಿಕ್ ದಾರ ರೇಡಿಯೇಟರ್ ಫ್ಯಾನಿಗೆ ಸುತ್ತಿಕೊಂಡು ಫ್ಯಾನು ನಿಂತೇಹೋಗಿತ್ತು. ನೀರು ಕೊತಕೊತ ಕುದಿಯುತ್ತಿತ್ತು.

ಇವರ ಉಸಿರು ಆಗಲೇ ಗೊರಗೊರ ಎನ್ನುತ್ತಿತ್ತು. ಹಿಂದಿನ ಸಲ ಜ್ವರವೆಂದು ಡಯಾಲಿಸಿಸ್ ಅರ್ಧಕ್ಕೇ ನಿಲ್ಲಿಸಿದ್ದರು. ಇನ್ನೊಂದು ಸಲ ತಪ್ಪಿದರೆ ಮೈಯ ನೀರೆಲ್ಲ ಎದೆಗೆ ಏರುತ್ತದೆಂದು ಡಾಕ್ಟರು ಹೇಳಿ ಕಳಿಸಿದ್ದರು. ಆಂಬುಲೆನ್ಸಿಗೆ ಫೋನ್ ಮಾಡಿದರೆ ಬೇರೆ ಕಡೆ ಹೋಗಿದೆ, ಕಾಯಿರಿ ಎಂದರು. ಕೈ ಅಡ್ಡ ಹಿಡಿದರೂ ಯಾವ ಗಾಡಿಯೂ ನಿಲ್ಲಲಿಲ್ಲ.

ನಿಂತದ್ದು ಕುರಿ ಹೊಡೆದುಕೊಂಡು ಬರುತ್ತಿದ್ದ ಒಬ್ಬ ಹೆಂಗಸು. ಇವರ ಮುಖ ನೋಡಿದವಳೇ ನೀರಿನ ಕ್ಯಾನು ಚಾಚಿದಳು.

"ತಗಾಳ್ರಿ ಅಣ್ಣ, ಒಂದು ಗುಟುಕು ಕುಡೀರಿ."

"ನಂಗೆ ಡಾಕ್ಟ್ರು ನೀರು ಬಂದ್ ಮಾಡ್ಯಾರೆ ತಾಯಿ. ಕಾರಿಗೇ ಕುಡಿಸ್ರಿ, ಅದು ಪುಣ್ಯ ಮಾಡೈತೆ."

"ಏನವ್ವ ನಿನ್ನ ಗಂಡ! ಈ ಪಾಡಿನಾಗೂ ತಮಾಷೆ ಮಾಡ್ತಾನೆ" ಎಂದು ಬೈಯುತ್ತಲೇ ಸೊಪ್ಪು ಕೊಯ್ಯುವ ಕುಡುಗೋಲು ಕೊಟ್ಟಳು.

ದಾರ ಕತ್ತರಿಸಿದೆ. ಇಂಜಿನ್ ತಣ್ಣಗಾದ ಮೇಲೆ ಅವಳ ನೀರು ಹಾಕಿದೆ. ಫ್ಯಾನ್ ಮಾತ್ರ ತಿರುಗಲಿಲ್ಲ. ಹೊಸದುರ್ಗದ ನಮ್ಮ ಮೆಕ್ಯಾನಿಕ್ಕಿಗೆ ಫೋನ್ ಹಚ್ಚಿದೆ.

"ಮೋಟ್ರು ಸುಟ್ಟೈತೆ ಕಣಕ್ಕ. ಹೀಟರ್ ಫುಲ್ ಇಟ್ಕಳ್ರಿ, ಇಂಜಿನ್ ಕಾವು ನಿಮ್ ಕಡೆ ಬರ್ತೈತೆ. ನಿಧಾನಕ್ಕೆ ಹೋಗ್ರಿ."

"ಒಳಗೆ ಪೇಷೆಂಟ್ ಅದಾರಪ್ಪ!"

"ಬ್ಯಾರೆ ದಾರಿ ಇಲ್ರಕ್ಕ."

ಸುಡುವ ಬಿಸಿಲಲ್ಲಿ ಹೀಟರ್ ಹಾಕಿದೆ. ಬಿಸಿಗಾಳಿ ಇವರ ಬಾತ ಕಾಲಿಗೆ, ಎದೆಗೆ ಹೊಡೆಯುತ್ತಿತ್ತು. ತಲೆಯನ್ನು ಕಿಟಕಿಯಾಚೆ ಇಟ್ಟು ಮೀನಿನಂತೆ ಬಾಯಿ ತೆರೆಯುತ್ತಿದ್ದರು. ನೋಡಲಾರದೆ ಆರಿಸಿದರೆ ಕಾವಿನ ಮುಳ್ಳು ಕೆಂಪಿಗೆ ಏರುವುದು. ಹಾಕಿದರೆ ಇವರ ಕಣ್ಣು ಮೇಲಾಗುವುದು. ಗಂಡನನ್ನು ಬೇಯಿಸಿಯೇ ಉಳಿಸಿಕೊಳ್ಳಬೇಕಾಗಿತ್ತು. ದಾರಿಯುದ್ದಕ್ಕೂ ಮನೆದೇವರನ್ನು ಕೂಗಿ ಕರೆಯುತ್ತಲೇ ಓಡಿಸಿದೆ.

ಆಸ್ಪತ್ರೆ ಮುಟ್ಟುವಷ್ಟರಲ್ಲಿ ಇವರ ಡಯಾಲಿಸಿಸ್ ಮಿಷನ್ನಿಗೆ ಬೇರೆಯವರನ್ನು ಮಲಗಿಸಿದ್ದರು.

"ಈಗ ಬಂದ್ರೆ ನಾ ಏನ್ ಮಾಡ್ಲಿ?" ಎಂದು ರೇಗಿದ ನರ್ಸು ಇವರ ಮುಖ ನೋಡಿದ್ದೇ ಆಕ್ಸಿಜನ್ ಹಚ್ಚಿದಳು. ಮಿಷನ್ ಖಾಲಿಯಾಗುವವರೆಗೆ ಇವರ ಎದೆಯ ಮೇಲೆ ಕೈಯಿಟ್ಟುಕೊಂಡೇ ಕೂತಿದ್ದೆ. ಕಾರು ಗೇಟಿನವರೆಗಾದರೂ ಬಂತು. ನರ್ಸು ಇವರ ಮುಖ ನೋಡಿದಳು. ಅಷ್ಟಾದರೂ ಆಯಿತಲ್ಲ.

ಕೊನೆಗೆ ನಳಿಕೆಯಲ್ಲಿ ರಕ್ತ ಹರಿಯತೊಡಗಿ ಏದುಸಿರು ಇಳಿದಾಗ ಇವರು ಕಣ್ಣು ಬಿಟ್ಟರು.

"ಶುಕ್ರವಾರ ಹೆಂಗೆ ಬರಾಣ?"

ದೇವರಿದ್ದಾನೆ ಎನ್ನಲು ಬಾಯಿ ತೆರೆದವಳು ಹೊದಿಕೆಯನ್ನು ಅವರ ಕಾಲಿನ ಮೇಲೆ ಎಳೆದೆ.