ಡ್ರಮ್ ಕೊಟ್ಟು ಕಟ್ಟಿದ ಆಲ್ಬಮ್

ನಮ್ಮ ಮೊದಲ ಆಲ್ಬಮ್ಮಿಗೆ ತೆತ್ತ ಬೆಲೆ ಒಂದು ಡ್ರಮ್ ಸೆಟ್. ಕಾರಣ, ಬೆಂಗಳೂರಿನ ಕೆ.ಆರ್. ಪುರದ ಮನೆ ಓನರ್ ಪಿಳ್ಳಮ್ಮ. ಹಳೆಯ ದನದ ಕೊಟ್ಟಿಗೆಗೆ ಶೀಟು ಹೊದಿಸಿ ನನಗೆ ಬಾಡಿಗೆಗೆ ಕೊಟ್ಟ ಪುಣ್ಯಾತ್ಗಿತ್ತಿ.

ಬಂದ ವಾರದಲ್ಲೇ, ಹಾಡಿನ ನಡುವೆ ಕರೆಂಟ್ ಹೋಯಿತು. ಹೊರಗೆ ಬಂದರೆ ಪಿಳ್ಳಮ್ಮನ ಕೈಯಲ್ಲಿ ನಮ್ಮ ಫ್ಯೂಸು. ಗದಗಿನ ನಮ್ಮ ಓಣಿಯಲ್ಲಿ ಯಾರಾದರೂ ಬಾರಿಸಿದರೆ ಜನ ಕುರ್ಚಿ ತಂದು ಕೂರುತ್ತಾರೆ. ಇಲ್ಲಿ ಫ್ಯೂಸು ಕೀಳುತ್ತಾರೆ.

"ಯಾಕ್ರೀ ಅಮ್ಮಾರ, ಬಾಡಿಗಿ ಕೊಟ್ಟೇನಲ್ಲ?"

"ಬಾಡಿಗೆ ರೂಮಿಗೆ ಕೊಟ್ಟಿದ್ದೀಯ, ನನ್ನ ಕಿವಿಗಲ್ಲ. ತಮಟೆ ಬಡಿಯೋಕೆ ಈ ಮನೇಲಿ ಯಾರೂ ಸತ್ತಿಲ್ಲ ಕಣಮ್ಮ. ಅದು ಆಚೆ ಹೋಗ್ಬೇಕು, ಇಲ್ಲಾ ನೀನು ಹೋಗ್ಬೇಕು."

ಎಲ್ಲಿಗೆ ಹೋಗಲಿ? ಕಲ್ಯಾಣ ನಗರದಲ್ಲಿ ಒಂಟಿ ಹೆಂಗಸೆಂದು ಬಾಗಿಲು ಹಾಕಿದ್ದರು, ಬೈಯಪ್ಪನಹಳ್ಳಿಯಲ್ಲಿ ಗಿಟಾರ್ ಕಂಡು ಹಾಕಿದ್ದರು. ಸಂತೆಯಲ್ಲಿ ಸ್ಟೀಲ್ ಪಾತ್ರೆ ಮಾರಿ ಬೆಳೆದವಳು ನಾನು. ಅಲ್ಲಿಯವರೆಗೆ ಒಳಗೆ ಬಾರಿಸುತ್ತಿದ್ದ ಡ್ರಮ್ಮರ್ ಸೆಲ್ವನನ್ನು ಮನೆಗೆ ಕಳಿಸಿ ಚೌಕಾಸಿಗೆ ಕೂತೆ. ಕೊನೆಗೆ ಕುದುರಿದ್ದು ಇಷ್ಟು: ಕೋಲಲ್ಲಿ ಬಡಿಯುವಂತಿಲ್ಲ; ಹೆಡ್‌ಫೋನ್ ಹಾಕಿಕೊಂಡು ಏನು ಬೇಕಾದರೂ ನುಡಿಸಬಹುದು. ಫ್ಯೂಸು ವಾಪಸ್ ಬಂತು.

ಸೆಲ್ವ ಹಲಸೂರಿನವನು. ನಮ್ಮದು ಇಬ್ಬರದೇ ಬ್ಯಾಂಡು: ಹಾಡು, ಗಿಟಾರ್ ನನ್ನದು, ತಾಳ ಅವನದು. ಈ ಊರಲ್ಲಿ ನನ್ನನ್ನು ಮೊದಲು ಮಚ್ಚಾ ಎಂದವನು ಅವನೇ. ಮಚ್ಚಾ ಎಂದರೆ ತಮಿಳಿನಲ್ಲಿ ಭಾವಮೈದ. ದಂಡು, ಅಂದರೆ ಕಂಟೋನ್ಮೆಂಟ್ ಕಡೆ ಸ್ನೇಹ ಬೆಳೆದರೆ ಹುಡುಗಿಯನ್ನೂ ಹಾಗೇ ಕರೆಯುತ್ತಾರೆ.

ಡ್ರಮ್ ಸೆಟ್ ಕೊಂಡವಳು ನಾನಾದ್ದರಿಂದ ಯಾರನ್ನೂ ಕೇಳದೆ ಶಿವಾಜಿನಗರಕ್ಕೆ ಒಯ್ದೆ. ಹಳೆ ಸಾಮಾನಿನ ಅಂಗಡಿಯವನು, "ನಕ್ಕೋ ಮೇಡಂ" ಎಂದ. ನಕ್ಕೋ ಎಂದರೆ ಬೇಡ. ಬೇಡ ಎಂದಾಗಲೇ ವ್ಯಾಪಾರ ಶುರುವೆಂದು ನನಗೆ ಯಾರೂ ಕಲಿಸಬೇಕಿಲ್ಲ. ಟೀ ಆರುವುದರೊಳಗೆ ಸೆಟ್ಟಿಗೆ ಬದಲಾಗಿ ಎರಡು ವಸ್ತು ಕೈಗೆ ಬಂದವು: ಕರೆಂಟಿನಿಂದಲೇ ಸ್ವರ ಹುಟ್ಟಿಸುವ ಸಿಂತ್ ಎಂಬ ಕೀಬೋರ್ಡು, ಗುಂಡಿ ಒತ್ತಿದರೆ ತಾಳ ಹಾಕುವ ಪೆಟ್ಟಿಗೆ.

ಸೆಲ್ವ ಪೆಟ್ಟಿಗೆಯನ್ನು ಕಾಲಲ್ಲಿ ಸರಿಸಿದ. "ಇದು ಬಂದ್ಮೇಲೆ ನಾನ್ಯಾಕೆ ಮಚ್ಚಾ?"

"ತಾಳ ನೀನೇ ತುಂಬಬೇಕು."

"ಒಂದ್ಸಲ ತುಂಬಿದ್ರೆ ಮುಗೀತಲ್ಲ. ಆಮೇಲೆ ಟೀ ತರಕ್ಕೆ ಇಟ್ಕೊಳ್ತೀಯಾ?"

ಎಲ್ಲ ಹಾಡಿಗೂ ತುಂಬಿಕೊಟ್ಟ. ಮತ್ತೆ ಬರಲಿಲ್ಲ.

ನಮ್ಮದು ಪೋಸ್ಟ್-ಪಂಕ್, ಅಂದರೆ ಸಿಟ್ಟನ್ನು ಹಲ್ಲು ಕಚ್ಚಿ ಹಾಡುವ ರಾಕ್. ಅದಕ್ಕೀಗ ಸಿಂತ್-ಪಾಪ್‌ನ ನುಣುಪು, ಕುಣಿಸುವ ತಾಳ ಸೇರಿತು. ಊರು ಯಾವುದು, ಯಾವ ಜನ, ಮಾಂಸ ತಿಂತೀರಾ ಎಂಬ ಓನರುಗಳ ಪ್ರಶ್ನೆಗಳನ್ನೇ ಹಾಡು ಮಾಡಿದೆ. ಇಂದಿರಾನಗರದಲ್ಲಿ ಬಿಡುಗಡೆಯ ದಿನ, ಅದೇ ಪ್ರಶ್ನೆಗಳಿಗೆ ಜನ ಕುಣಿದರು. ಒಬ್ಬ ಬಂದು, "ಡ್ರಮ್ಮೇ ಇಲ್ಲ, ಏನ್ ಧೈರ್ಯ ನಿಮ್ದು. ಐಡಿಯಾ ಯಾರ್ದು?" ಎಂದ.

"ಮನಿ ಓನರಂದು."

ಜೋಕೆಂದು ನಕ್ಕ.

ಹಿಂದೆ ಗೋಡೆಗೆ ಒರಗಿ ಸೆಲ್ವ ನಿಂತಿದ್ದ. ಹೆಂಗಾಗೈತಿ ಎಂದು ಕೇಳಿದೆ.

"ಸೂಪರಾಗಿದೆ. ನಾನಿಲ್ಲ, ಅಷ್ಟೆ." ಮಚ್ಚಾ ಎನ್ನಲಿಲ್ಲ.

ಗದಗಿನಲ್ಲಿ ಅವ್ವ ಆಲ್ಬಮ್ ಕೇಳಿ, "ಬಾರಸಾವ ಎಲ್ಲದಾನ?" ಎಂದಳು. ಅಲ್ಲಿಯವರಿಗೆ ನಾನೀಗ ಬೆಂಗಳೂರಿನವಳು. ಪಿಳ್ಳಮ್ಮನಿಗೆ ಇನ್ನೂ 'ಆ ಕಡೆಯವಳು'.

ವಾದ್ಯ ಹೊತ್ತು ಈ ಕಡೆ ಬರುವವರಿಗೆ ಹೇಳುತ್ತೇನೆ. ಅಡ್ವಾನ್ಸ್ ಕೊಡುವ ಮೊದಲೇ ಓನರ್ ಮುಂದೆ ಒಮ್ಮೆ ಜೋರಾಗಿ ಬಾರಿಸಿ ತೋರಿಸಿ. ಬೈಯುವುದಿದ್ದರೆ ಆಗಲೇ ಬೈಯಲಿ. ಫ್ಯೂಸು ಯಾರ ಕೈಗೆ ಎಟುಕುತ್ತದೆ ನೋಡಿಕೊಳ್ಳಿ. ಚೌಕಾಸಿಗೆ ಕೂರುವಾಗ ಬಾರಿಸುವವನನ್ನು ಮನೆಗೆ ಕಳಿಸಬೇಡಿ.