ಲಾರಿ ಮೇಲೆ ಹೊರಟ ಕಾರು

"ನಿನ್ ಕೈಲಿ ಗಾಡಿ ಓಡಿಸಾಕೆ ಆಗಲ್ಲ" ಅಂದಿದ್ದರು ನಮ್ಮ ಭಾವ. ಚನ್ನಗಿರಿಯಲ್ಲಿ ಡೀಸೆಲ್ ಟ್ಯಾಕ್ಸಿ ಇಟ್ಟು ತೋರಿಸಿದೆ. ಆದರೆ ಉಬ್ಬಸವಿದ್ದ ನಮ್ಮ ಯಜಮಾನರಿಗೆ ಅದರ ಹೊಗೆ ಆಗುತ್ತಿರಲಿಲ್ಲ. ಹೈಡ್ರೋಜನ್ ಕಾರು ಹೊಗೆಯ ಬದಲು ನೀರಾವಿ ಬಿಡುತ್ತದೆಂದು ಓದಿದಾಗಿನಿಂದ ಅದರದೇ ಧ್ಯಾನ.

ಒಮ್ಮೆ ಹೊನ್ನಾಳಿಯ ಚಹಾದಂಗಡಿ ಎದುರು ಬಾಗಿಲ ಮೇಲೆ 'ಹೈಡ್ರೋಜನ್' ಎಂದು ಬರೆದಿದ್ದ ಅಂಥದೇ ಕಾರನ್ನು ಹೊತ್ತ ಲಾರಿ ನಿಂತಿತ್ತು.

"ಕಾರು ಕೆಟ್ಟೈತೇನಣ್ಣಾ?" ಎಂದು ಲಾರಿ ಡ್ರೈವರನ್ನು ಕೇಳಿದೆ.

"ಇಲ್ಲಕ್ಕಾ, ಪ್ರದರ್ಶನಕ್ಕೆ ಹೊಂಟೈತೆ. ಅದರ ಗ್ಯಾಸ್ ತುಂಬಾಕೆ ದಾರೀಲಿ ಎಲ್ಲೂ ಬಂಕಿಲ್ಲ. ನನ್ನ ಡೀಸೆಲ್ ಲಾರೀನೇ ಗತಿ."

ಮನೆಗೆ ಬಂದು ಹೇಳಿದೆ. ಯಜಮಾನರು ಕೆಮ್ಮುತ್ತಲೇ ನಕ್ಕರು. "ಬಂಕ್ ಬರೋತನಕ ಇರ್ತೀನಿ ಬಿಡೇ."

ನಾನು ಕಾಯಲಿಲ್ಲ. ಈಗ ನನ್ನದೊಂದು ಕರೆಂಟ್ ಆಟೋ ಇದೆ, ಮನೆಯಲ್ಲೇ ಚಾರ್ಜಾಗುತ್ತದೆ. ಅದಕ್ಕಾಗಿ ಟ್ಯಾಕ್ಸಿ ಹೋಯಿತು, ಬಳೆ ಹೋದವು, ಒಂದು ಚಾರ್ಜಿಗೆ ಎಟುಕದ ಜಗಳೂರಿನ ಬಾಡಿಗೆಗಳೂ ಹೋದವು. ಯಜಮಾನರು ಹಿಂದೆ ಕೂತು, ಕೇಳದಿದ್ದರೂ ದಾರಿ ಹೇಳುತ್ತಾರೆ.